ರಾಕ್ ಸಂಗೀತ ಕೇಳಿದರೆ ನೆಮ್ಮದಿ ಹೇಗೆ ಸಿಗುತ್ತೆ?

"ಅಷ್ಟೊಂದು ಗಲಾಟೆ, ಕಿರುಚಾಟ. ಹೆಣ್ಮಕ್ಕಳಿಗೆ ಅದ್ರಲ್ಲಿ ಏನು ನೆಮ್ಮದಿ?" ಈ ಪ್ರಶ್ನೆ ನೆಂಟರೂ ಕೇಳುತ್ತಾರೆ, ಆಫೀಸಿನವರೂ ಕೇಳುತ್ತಾರೆ.

ಅಲ್ಲಿ ನಮ್ಮ ಸಿಟ್ಟಿಗೂ ಜಾಗ ಇದೆ. ಅದೇ ನನ್ನ ಉತ್ತರ. ಹೆಂಗಸು ಅತ್ತರೆ ಸಮಾಧಾನ ಹೇಳೋಕೆ ನಾಲ್ಕು ಜನ ಬರುತ್ತಾರೆ. ಸಿಟ್ಟು ಮಾಡಿಕೊಂಡರೆ ಮಾತ್ರ "ಸ್ವಲ್ಪ ಮೆಲ್ಲಗೆ ಮಾತಾಡಮ್ಮ" ಅನ್ನುತ್ತಾರೆ, ಅಲ್ವಾ?

ಕ್ರ್ಯಾನ್‌ಬೆರೀಸ್ ಅನ್ನುವ ರಾಕ್ ತಂಡದ 'ಜಾಂಬಿ' ಹಾಡನ್ನು ಒಮ್ಮೆ ಕೇಳಿ. 1993ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ವಾರಿಂಗ್ಟನ್ ಪೇಟೆಯಲ್ಲಿ ಐಆರ್‌ಎ (ಬ್ರಿಟಿಷ್ ಆಳ್ವಿಕೆ ವಿರುದ್ಧ ಹೋರಾಡುತ್ತಿದ್ದ ಐರಿಷ್ ಸಶಸ್ತ್ರ ಗುಂಪು) ಇಟ್ಟ ಬಾಂಬಿಗೆ ಇಬ್ಬರು ಹುಡುಗರು ಬಲಿಯಾದರು. ಒಬ್ಬನಿಗೆ 3 ವರ್ಷ, ಇನ್ನೊಬ್ಬನಿಗೆ 12. ತಂಡದ ಗಾಯಕಿ, ಐರ್ಲೆಂಡಿನ ಲಿಮರಿಕ್ ಕಡೆಯ ಡೊಲೊರೆಸ್ ಓರಿಯರ್ಡನ್ ಆ ಸಂಕಟದಲ್ಲಿ ಬರೆದ ಹಾಡು ಇದು. 1994ರಲ್ಲಿ ಬಂತು. ಚರಣದಲ್ಲಿ ಆಕೆ ಮೆಲ್ಲಗೆ, ಹತ್ತಿರ ಕೂತು ಹೇಳುವ ಹಾಗೆ, ಸತ್ತ ಮಗುವಿನ ಬಗ್ಗೆ, ಒಡೆದುಹೋದ ತಾಯಿಯ ಎದೆಯ ಬಗ್ಗೆ ಹಾಡುತ್ತಾರೆ. ಪಲ್ಲವಿ ಬಂತೆಂದರೆ ಗಿಟಾರ್ ಒರಟಾಗುತ್ತದೆ. ಒಂದೇ ಪದವನ್ನು ಎಳೆದೆಳೆದು ಹಾಡುವಾಗ ದನಿ ಗಂಟಲಲ್ಲೇ ಒಡೆಯುತ್ತದೆ. ಆ ಒಡಕನ್ನು ಆಕೆ ನಯ ಮಾಡಲು ಹೋಗುವುದೇ ಇಲ್ಲ. ನನಗೆ ಇಡೀ ಹಾಡಿನಲ್ಲಿ ಜಾಸ್ತಿ ಇಷ್ಟ ಅದೇ. ಚೆನ್ನಾಗಿ ಕಾಣಬೇಕು, ಇಂಪಾಗಿ ಕೇಳಿಸಬೇಕು ಅನ್ನುವ ಹೊರೆ ಆ ಕ್ಷಣಕ್ಕೆ ನನ್ನ ಮೇಲಿಂದಲೂ ಇಳಿಯುತ್ತದೆ. ರಾತ್ರಿ ಪಾತ್ರೆ ತೊಳೆಯುತ್ತಾ ಈ ಹಾಡಿಗೆ ನಾನೂ ಗಟ್ಟಿಯಾಗಿ ದನಿಗೂಡಿಸುತ್ತೇನೆ. ಮುಗಿಯುವ ಹೊತ್ತಿಗೆ ಹೆಗಲು ಸಡಿಲವಾಗಿರುತ್ತದೆ.

ಮನೆಯಲ್ಲಿ ಕೇಳುವುದು ಒಂದು, ಜನರ ಮಧ್ಯೆ ನಿಂತು ಕೇಳುವುದೇ ಇನ್ನೊಂದು. ರಾಕ್ ಷೋಗಳಲ್ಲಿ ವೇದಿಕೆ ಮುಂದೆ ಗಂಡಸರ ನೂಕುನುಗ್ಗಲು ಇರುತ್ತದೆ. ಹುಡುಗಿಯರು ತಾವಾಗೇ ಹಿಂದೆ ಸರಿಯುತ್ತಾರೆ. 1990ರ ದಶಕದ ಶುರುವಿನಲ್ಲಿ ಅಮೆರಿಕದ ಒಲಿಂಪಿಯಾ ಊರಿನ ಬಿಕಿನಿ ಕಿಲ್ ತಂಡ ಇದನ್ನು ಸುಮ್ನೆ ನೋಡಿಕೊಂಡಿರಲಿಲ್ಲ. ಗಾಯಕಿ ಕ್ಯಾಥ್ಲೀನ್ ಹ್ಯಾನಾ ಮೈಕಿನಲ್ಲೇ ಹುಡುಗಿಯರನ್ನು ಮುಂದಕ್ಕೆ ಕರೆಯುತ್ತಿದ್ದರು, ಹಾಡಿನ ಸಾಲುಗಳನ್ನು ಅಚ್ಚು ಹಾಕಿದ ಹಾಳೆಗಳನ್ನು ಅವರ ಕೈಗೆ ಕೊಡುತ್ತಿದ್ದರು. ಹಾಳೆ ಕೈಯಲ್ಲಿದ್ದರೆ ನೀವು ಬರೀ ನೋಡುವವರಲ್ಲ, ಜೊತೆಗೆ ಹಾಡುವವರು. ಟಿಕೆಟ್ ಎಲ್ಲರೂ ಕೊಂಡೇ ಬಂದಿರುತ್ತಾರೆ. ಮುಂದೆ ನಿಲ್ಲುವ ಹಕ್ಕು ಮಾತ್ರ ಗಂಡಸರಿಗೇ ಯಾಕೆ?

ಬೆಂಗಳೂರಿನ ಷೋಗಳಿಗೆ ನಾನು, ನನ್ನ ಗೆಳತಿಯರು ಈಗ ಕೈ ಕೈ ಹಿಡಿದುಕೊಂಡು ಮುಂದಕ್ಕೇ ಹೋಗುತ್ತೇವೆ. ಪಕ್ಕದಲ್ಲಿ ಯಾರಾದರೂ ಹುಡುಗಿ ಒಬ್ಬಳೇ ಬಂದಿದ್ದರೆ ಅವಳನ್ನೂ ಜೊತೆಗೆ ಕರೆದುಕೊಳ್ಳುತ್ತೇವೆ.