ಅರ್ಧ ವೋಲ್ಟಿನ ಲೆಕ್ಕ

ಕೆ.ಜಿ.ಎಫ್.ನ ರಾಬರ್ಟ್‌ಸನ್‌ಪೇಟೆಯಲ್ಲಿ ಹಳೆಯ ಮನೆಯೊಂದನ್ನು ಖಾಲಿ ಮಾಡುವಾಗ ಹೊರಬಿದ್ದ ಸಾಮಾನುಗಳ ನಡುವೆ, ಸೀರೆಯ ತುಂಡಿನಲ್ಲಿ ಸುತ್ತಿಟ್ಟಿದ್ದ ಕ್ವಾಡ್ 33 ಪ್ರಿಆಂಪ್ಲಿಫೈಯರ್ (ರೆಕಾರ್ಡ್ ಪ್ಲೇಯರು, ರೇಡಿಯೊಗಳ ಸಣ್ಣ ಸಿಗ್ನಲ್ಲನ್ನು ಹದಗೊಳಿಸಿ ಮುಂದೆ ಕಳಿಸುವ ಪೆಟ್ಟಿಗೆ) ನನ್ನ ಕೈಗೆ ಬಂದು ಎರಡು ವರ್ಷವಾಯಿತು. ಪೀಟರ್ ವಾಕರ್ ಅವರ ಕಂಪನಿಯು ಇಂಗ್ಲೆಂಡಿನ ಹಂಟಿಂಗ್‌ಡನ್‌ನಲ್ಲಿ ತಯಾರಿಸಿ 1967ರಲ್ಲಿ ಮಾರುಕಟ್ಟೆಗೆ ತಂದ ಈ ಪುಟ್ಟ ಪೆಟ್ಟಿಗೆಗೆ, ಅದೇ ವರ್ಷ ಬಂದ ಸ್ಪೀಕರನ್ನು ನುಡಿಸುವಷ್ಟು ಶಕ್ತಿ ಕೊಡುವ ಕ್ವಾಡ್ 303 ಎಂಬ ಪವರ್ ಆಂಪ್ಲಿಫೈಯರ್ ಜೋಡಿ. ನನಗೆ ಸಿಕ್ಕಿದ್ದು 33 ಮಾತ್ರ. ಜೋಡಿಯನ್ನು ಹುಡುಕುವ ಬದಲು ಹೊಸದೊಂದು ಪವರ್ ಆಂಪ್ ತಂದು ಸೇರಿಸಿದರಾಯಿತು ಎಂದುಕೊಂಡಿದ್ದು ನನ್ನ ಮೊದಲ ತಪ್ಪು. ಹಾಗೆ ತರುವಾಗ ಅಂಗಡಿಯಲ್ಲಿ ಎಷ್ಟು ವ್ಯಾಟ್ ಎಂದಷ್ಟೇ ಕೇಳಿದ್ದು ಎರಡನೆಯದು. ನೀರು ಎಷ್ಟು ಅಡಿಯಲ್ಲಿದೆ ಎಂದು ವಿಚಾರಿಸದೆ ಎಚ್.ಪಿ. ನೋಡಿಕೊಂಡು ಬೋರ್‌ವೆಲ್ಲಿಗೆ ಮೋಟಾರು ತರುವವರು ನಮ್ಮ ಕೋಲಾರ ಜಿಲ್ಲೆಯಲ್ಲಿ ಯಾರೂ ಇರಲಾರರು. ನಾನು ಮಾಡಿದ್ದು ಹೆಚ್ಚುಕಡಿಮೆ ಅದನ್ನೇ.

ಹೊಸ ಆಂಪ್ ನೂರು ವ್ಯಾಟಿನದು. ವೀಣೆಯ ಎಲ್‌ಪಿಯೊಂದನ್ನು ಹಾಕಿ ಕೇಳಿದರೆ, ವಾಲ್ಯೂಮ್ ಗುಂಡಿ ಮುಕ್ಕಾಲು ಸುತ್ತು ದಾಟಿದರೂ ನಾದವು ಪಕ್ಕದ ಕೋಣೆಯಿಂದ ಬಂದಂತಿತ್ತು. ಇನ್ನೂ ತಿರುಗಿಸಿದರೆ ವೀಣೆಗಿಂತ ಮುಂಚೆ ಸೊಂಯ್ ಎನ್ನುವ ಸದ್ದೇ ಏರುತ್ತಿತ್ತು. ಪ್ರಿಆಂಪ್ ಕೆಟ್ಟಿರಬೇಕೆಂದು ಒಬ್ಬರು, ಇನ್ನೂರು ವ್ಯಾಟಿನದನ್ನು ತರಬೇಕಿತ್ತೆಂದು ಮತ್ತೊಬ್ಬರು ಹೇಳಿದರು. ಎರಡೂ ಸರಿಯಲ್ಲವೆಂದು ತಿಳಿಯಲು ಒಂದು ಸಂಜೆ ಕಾಗದ, ಪೆನ್ಸಿಲ್ ಹಿಡಿದು ಕೂರಬೇಕಾಯಿತು.

ಕ್ವಾಡ್ 33 ಹೊರಗೆ ಕೊಡಲೆಂದು ನಿಗದಿಯಾದ ಮಟ್ಟ ಅರ್ಧ ವೋಲ್ಟ್. ಅದಕ್ಕಿಂತ ಹೆಚ್ಚು ಕೊಡಲಾರದೆಂದಲ್ಲ. ಆದರೆ ಅದನ್ನು ವಿನ್ಯಾಸ ಮಾಡಿದವರ ಮನಸ್ಸಿನಲ್ಲಿದ್ದ ಕೆಲಸದ ಮಟ್ಟ ಅದು. 303 ಆ ಅರ್ಧ ವೋಲ್ಟಿಗೇ ಎಂಟು ಓಮ್ ಸ್ಪೀಕರಿಗೆ ತನ್ನ ಪೂರ್ತಿ 45 ವ್ಯಾಟ್ ಕೊಡುತ್ತದೆ, ಎಂದರೆ ಬಂದ ವೋಲ್ಟೇಜನ್ನು ಸುಮಾರು 38 ಪಟ್ಟು ಹಿಗ್ಗಿಸುತ್ತದೆ. ನಾನು ತಂದ ಆಂಪ್ ಹಿಗ್ಗಿಸುತ್ತಿದ್ದುದು 20 ಪಟ್ಟು ಮಾತ್ರ. ಅದರ ನೂರು ವ್ಯಾಟ್ ಹೊರಬರಬೇಕಾದರೆ ಒಳಗೆ 1.4 ವೋಲ್ಟ್ ಹೋಗಬೇಕು. ಅರ್ಧ ವೋಲ್ಟ್ ಹೋದರೆ ಹೊರಬರುವುದು ಹತ್ತು ವೋಲ್ಟ್, ಎಂದರೆ ಹನ್ನೆರಡೂವರೆ ವ್ಯಾಟ್. ಗೇನ್, ಎಂದರೆ ಹಿಗ್ಗಿಸುವ ಪಟ್ಟು, ಅಷ್ಟೇ ಇದ್ದರೆ ಇನ್ನೂರು ವ್ಯಾಟಿನ ಆಂಪ್ ತಂದಿದ್ದರೂ ಅದೇ ಹನ್ನೆರಡೂವರೆ.

ಇದಾದ ಮೇಲೆ ಅಳೆದು ನೋಡದೆ ಯಾವ ಮಾತನ್ನೂ ನಂಬಬಾರದೆಂದು, ಮೊಬೈಲಿನಿಂದ ಒಂದೇ ಸ್ವರವನ್ನು ರೇಡಿಯೊ ಇನ್‌ಪುಟ್ಟಿಗೆ ಕೊಟ್ಟು, ಔಟ್‌ಪುಟ್ಟನ್ನು ಮಲ್ಟಿಮೀಟರಿನ ಎ.ಸಿ. ವೋಲ್ಟ್ ಮನೆಯಲ್ಲಿಟ್ಟು ಓದಿದೆ. ಇಲ್ಲಿ ಒಂದು ಎಚ್ಚರ ಬೇಕು: ಅಗ್ಗದ ಮಲ್ಟಿಮೀಟರುಗಳು ಮನೆಯ ಕರೆಂಟಿನ 50 ಹರ್ಟ್ಸ್ ಆಸುಪಾಸಿನಲ್ಲಿ ಸರಿಯಾಗಿ ತೋರಿಸುತ್ತವೆಯೇ ಹೊರತು ಸಾವಿರ ಹರ್ಟ್ಸ್‌ಗೆ ಹೋದರೆ ಹಲವು ದಾರಿ ತಪ್ಪುತ್ತವೆ. ಆದ್ದರಿಂದ 50 ಹರ್ಟ್ಸ್ ಸ್ವರವನ್ನೇ ಆರಿಸಿಕೊಳ್ಳುವುದು ಒಳ್ಳೆಯದು. ರೇಡಿಯೊ ಇನ್‌ಪುಟ್ ಬಯಸುವುದು ನೂರು ಮಿಲಿವೋಲ್ಟ್ ಮಾತ್ರ, ಈಗಿನ ಸಿ.ಡಿ. ಪ್ಲೇಯರುಗಳ ಎರಡು ವೋಲ್ಟನ್ನು ನೇರವಾಗಿ ಕೊಟ್ಟರೆ ಇಪ್ಪತ್ತು ಪಟ್ಟಾಯಿತು, ಗುಂಡಿ ಕದಲಿಸುವಷ್ಟರಲ್ಲಿ ಮನೆ ಅದುರುತ್ತದೆ.

ಕೊನೆಗೆ ಆ ನೂರು ವ್ಯಾಟನ್ನು ತಮ್ಮನ ಮನೆಗೆ ಸಾಗಿಸಿ, ಬೆಂಗಳೂರಿನ ಎಸ್.ಪಿ. ರೋಡಿನಿಂದ ಎಲ್‌ಎಂ3886 ಎಂಬ ಪವರ್ ಆಂಪ್ ಚಿಪ್ಪಿನ ಎರಡು ಬೋರ್ಡು ಮತ್ತು 20-0-20 ವೋಲ್ಟಿನ ಟ್ರಾನ್ಸ್‌ಫಾರ್ಮರ್ ತಂದೆ. ಈ ಚಿಪ್ಪಿನ ಗೇನ್ ಎಷ್ಟಿರಬೇಕೆಂದು ಎರಡು ರೆಸಿಸ್ಟರುಗಳು ನಿರ್ಧರಿಸುತ್ತವೆ: ದೊಡ್ಡದನ್ನು ಚಿಕ್ಕದರಿಂದ ಭಾಗಿಸಿ ಒಂದು ಕೂಡಿಸಿದರೆ ಉತ್ತರ. ಬೋರ್ಡಿನಲ್ಲಿ ಬಂದಿದ್ದುದು 22 ಸಾವಿರ ಮತ್ತು ಒಂದು ಸಾವಿರ ಓಮ್, ಎಂದರೆ 23 ಪಟ್ಟು. ಸಾವಿರ ಓಮಿನದನ್ನು ಬಿಚ್ಚಿ 680 ಓಮ್ ಬೆಸುಗೆ ಹಾಕಿದಾಗ ಅದು 33 ಪಟ್ಟಾಯಿತು. ಅರ್ಧ ವೋಲ್ಟಿಗೆ ಈಗ ಸುಮಾರು 35 ವ್ಯಾಟ್. ಆ ಟ್ರಾನ್ಸ್‌ಫಾರ್ಮರಿನಲ್ಲಿ ಎಂಟು ಓಮಿಗೆ ಈ ಚಿಪ್ ಕೊಡಬಲ್ಲದ್ದೂ ಹೆಚ್ಚುಕಡಿಮೆ ಅಷ್ಟೇ. ಪ್ರಿಆಂಪಿಗೆ ಉಸಿರು ಕಟ್ಟುವ ಮುಂಚೆ ಪವರ್ ಆಂಪ್ ತನ್ನ ಮಿತಿ ಮುಟ್ಟುತ್ತದೆ, ಇತ್ತ ಗುಂಡಿಯ ಬಹುಭಾಗ ಬಳಕೆಗೂ ಸಿಗುತ್ತದೆ.

ಗೇನ್ ಹೆಚ್ಚಾದಷ್ಟೂ ಒಳ್ಳೆಯದಲ್ಲವೇ ಎಂದು ಆಸೆಪಟ್ಟು 330 ಓಮ್ ಹಾಕಿಯೂ ನೋಡಿದೆ. ಹಿಗ್ಗುವಿಕೆ 67 ಪಟ್ಟು ದಾಟಿತು. ಆಗ ವಾಲ್ಯೂಮನ್ನು ಸೊನ್ನೆಗೆ ಇಳಿಸಿದ್ದರೂ ಸ್ಪೀಕರಿನಲ್ಲಿ ತಾರ ಸ್ವರಗಳನ್ನು ನುಡಿಸುವ ಟ್ವೀಟರಿಗೆ ಕಿವಿಯಿಟ್ಟರೆ ಒಗ್ಗರಣೆ ಸಿಡಿಯುವಂಥ ಸದ್ದು ಕೇಳುತ್ತಿತ್ತು. ವಾಲ್ಯೂಮ್ ಗುಂಡಿಯ ನಂತರದ ಟ್ರಾನ್ಸಿಸ್ಟರುಗಳು ಮಾಡುವ ಸಣ್ಣ ಸದ್ದನ್ನು ಗುಂಡಿ ತಗ್ಗಿಸಲಾರದು. ಅದು ಪವರ್ ಆಂಪಿಗೆ ಇದ್ದಂತೆಯೇ ಹೋಗಿ ಅಷ್ಟೂ ಪಟ್ಟು ಹಿಗ್ಗುತ್ತದೆ. ಮರುದಿನವೇ 680ಕ್ಕೆ ಮರಳಿದೆ.

ಇನ್ನು ಇಂಪೀಡೆನ್ಸ್, ಎಂದರೆ ಸಿಗ್ನಲ್ಲಿಗೆ ಎದುರಾಗುವ, ಓಮಿನಲ್ಲಿ ಅಳೆಯುವ ಅಡ್ಡಿ. ಪವರ್ ಆಂಪಿನ ಇನ್‌ಪುಟ್ ಇಂಪೀಡೆನ್ಸ್ ಪ್ರಿಆಂಪಿನ ಔಟ್‌ಪುಟ್ಟಿನದಕ್ಕಿಂತ ಹತ್ತು ಪಟ್ಟಾದರೂ ಇರಲಿ ಎಂಬ ರೂಢಿಯ ಮಾತು ಟ್ರಾನ್ಸಿಸ್ಟರಿನ ಪ್ರಿಆಂಪುಗಳಲ್ಲಿ ಹೆಚ್ಚು ಕಾಡುವುದಿಲ್ಲ. ಕಾಡುವುದು ಟ್ರಾನ್ಸಿಸ್ಟರಿಗೆ ಮುಂಚಿನ ಗಾಜಿನ ವಾಲ್ವಿನವುಗಳಲ್ಲಿ. ಬಂಗಾರಪೇಟೆಯ ಸ್ನೇಹಿತರೊಬ್ಬರ ವಾಲ್ವ್ ಪ್ರಿಆಂಪಿನ ಔಟ್‌ಪುಟ್ಟಿನಲ್ಲಿ 0.22 ಮೈಕ್ರೊಫ್ಯಾರಡ್ ಕೆಪಾಸಿಟರ್ ಇತ್ತು. ಮುಂದಿನ ಆಂಪಿನ ಓಮ್ ಕಡಿಮೆಯಾದಷ್ಟೂ ಅದು ಮಂದ್ರ ಸ್ವರಗಳನ್ನು ಹೆಚ್ಚು ತಡೆಯುತ್ತದೆ. ಅದಕ್ಕೆ ಹತ್ತು ಸಾವಿರ ಓಮಿನ ಆಂಪ್ ಸೇರಿಸಿದ್ದರಿಂದ 72 ಹರ್ಟ್ಸ್‌ನಲ್ಲಿಯೇ ಶಕ್ತಿ ಅರ್ಧಕ್ಕೆ ಇಳಿದು, ಮೃದಂಗದ ತೊಪ್ಪಿಯ ಗುಮುಕಿ ತೆಳ್ಳಗಾಗಿತ್ತು. ಲಕ್ಷ ಓಮಿನ ಆಂಪಾಗಿದ್ದರೆ ಈ ಇಳಿತ ಏಳು ಹರ್ಟ್ಸ್‌ಗೆ, ಕಿವಿಗೆ ನಿಲುಕದ ಕಡೆಗೆ, ಸರಿದಿರುತ್ತಿತ್ತು. ನನ್ನ ಬೋರ್ಡಿನ ಇನ್‌ಪುಟ್ 22 ಸಾವಿರ ಓಮ್ ಇದ್ದುದರಿಂದ ಅದರ ಗೋಜಿಗೆ ಹೋಗಬೇಕಾಗಲಿಲ್ಲ.

ಎಲ್ಲಕ್ಕಿಂತ ಹೆಚ್ಚು ದಿನ ತಿಂದದ್ದು, ನಿಜ ಹೇಳಬೇಕೆಂದರೆ, ಕೇಬಲ್. ಕ್ವಾಡ್ 33ರ ಔಟ್‌ಪುಟ್ ನಾಲ್ಕು ಪಿನ್ನಿನ ಡಿನ್ ಸಾಕೆಟ್ಟು, ಹಳೆಯ ಆಡಿಯೊ ಪೆಟ್ಟಿಗೆಗಳಲ್ಲಿ ಕಾಣುವ ದುಂಡನೆಯದು. ಅಂಗಡಿಯಲ್ಲಿ ಸಿಗುವ ಐದು ಪಿನ್ನಿನದು ಅದರೊಳಗೆ ಕೂರುವುದಿಲ್ಲ. ಸರಿಯಾದ ಪ್ಲಗ್ ತರಿಸಿ, ಯಾವ ಪಿನ್ ಎಡ, ಯಾವುದು ಬಲ, ಯಾವುದು ನೆಲ ಎಂದು ಮಲ್ಟಿಮೀಟರಿನಲ್ಲಿ ಗುರುತಿಸಿ, ಇನ್ನೊಂದು ತುದಿಗೆ ಈಗಿನ ಆಂಪುಗಳಿಗೆ ಹೊಂದುವ ಆರ್‌ಸಿಎ ಪ್ಲಗ್ ಬೆಸೆದೆ. ಅಷ್ಟಾದ ಮೇಲೆ ಗುಂಯ್ ಎಂಬ ಹಮ್ ಶುರುವಾಯಿತು. ಎರಡೂ ಪೆಟ್ಟಿಗೆಗಳ ಅರ್ತ್ ಒಂದು ಸುತ್ತು ಗೋಡೆಯ ಮೂಲಕ, ಇನ್ನೊಂದು ಸುತ್ತು ಕೇಬಲ್ಲಿನ ಹೊರಕವಚದ ಮೂಲಕ ಸೇರಿ ಬಳೆಯಂತಾದಾಗ ಹೀಗಾಗುತ್ತದೆ. ವೈರಿಂಗ್ ಕೆಲಸದ ಹುಡುಗನೊಬ್ಬ ಅರ್ತ್ ತಂತಿಯನ್ನು ಕತ್ತರಿಸಿಬಿಡಿ ಸಾರ್ ಎಂದ. ಹಾಗೆ ಮಾಡಿದರೆ ಸದ್ದೇನೋ ನಿಲ್ಲುತ್ತದೆ, ಆದರೆ ಒಳಗೆ ತಂತಿ ತಗುಲಿದ ದಿನ ಪೆಟ್ಟಿಗೆಯೇ ಜೀವಕ್ಕೆ ಕುತ್ತಾಗುತ್ತದೆ. ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ, ಪವರ್ ಆಂಪಿನ ಅರ್ತನ್ನು ಕವಚಕ್ಕೆ ಭದ್ರವಾಗಿ ಬಿಗಿದಿಟ್ಟು, ಅದರೊಳಗಿನ ಸಿಗ್ನಲ್ ನೆಲ ಮತ್ತು ಕವಚದ ನಡುವೆ ಮಾತ್ರ ಹತ್ತು ಓಮ್ ರೆಸಿಸ್ಟರ್ ಕೂರಿಸಿದಾಗ ಹಮ್ ಅಡಗಿತು.

ಈಗ ವೀಣೆಯ ಅದೇ ಎಲ್‌ಪಿಗೆ ಗುಂಡಿ ಗಡಿಯಾರದ ಹನ್ನೊಂದರಲ್ಲಿದ್ದರೆ ಹಜಾರ ತುಂಬುತ್ತದೆ. ಎಡ ಚಾನೆಲ್ ಅರ್ಧ ವೋಲ್ಟ್ ತೋರಿಸುವಾಗ ಬಲದ್ದು 0.44 ತೋರಿಸುತ್ತಿದೆ. ಐದು ದಶಕದ ಕೆಪಾಸಿಟರುಗಳ ಮೇಲೆ ನನಗೆ ಅನುಮಾನ. ಬದಲಾಯಿಸುವವರೆಗೆ ಬ್ಯಾಲೆನ್ಸನ್ನು ಒಂದು ಗೀಟು ಬಲಕ್ಕೆ ಸರಿಸಿ ಕೇಳುತ್ತಿದ್ದೇನೆ.