ನನ್ನ ಮೇಜಿನ ಮೇಲಿನ ಆಸ್ಟ್ರೇಯಾ

ವೆಲ್ಲಿಂಗ್ಟನ್‌ಗೆ ಬಂದ ಮೇಲೆ ನನಗೆ ಚಿಪ್ಪುಗಳ ಹುಚ್ಚು ಹಿಡಿಯಿತು. ಎಲ್ಲಕ್ಕಿಂತ ಜಾಸ್ತಿ ಇಷ್ಟವಾದದ್ದು ಆಸ್ಟ್ರೇಯಾ ಹೀಲಿಯೊಟ್ರೋಪಿಯಮ್. ನ್ಯೂಜಿಲೆಂಡಿನ ಕಡಲು ಬಿಟ್ಟರೆ ಇನ್ನೆಲ್ಲೂ ಇಲ್ಲದ ಬಸವನಹುಳು ಇದು. ಮೇಲಿನಿಂದ ನೋಡಿದರೆ ಸಾಮಿಲ್ಲಿನ ಗರಗಸದ ಚಕ್ರವೇ ಸರಿ. ಅಂಚಿನ ಸುತ್ತಲೂ ತ್ರಿಕೋನದ ಮುಳ್ಳುಗಳು.

ನನ್ನದು ಇಲ್ಲಿಯ ಒಂದು ಹಳೇ ಸಾಮಾನಿನ ಅಂಗಡಿಯಲ್ಲಿ, ಪಿಂಗಾಣಿ ಕಪ್ಪುಗಳ ಹಿಂದೆ ಸಿಕ್ಕಿತು. ಅಂಗೈ ತುಂಬುವಷ್ಟು ದೊಡ್ಡದು. ತುದಿಯಲ್ಲಿ ಬೆರಳಿಟ್ಟು ಸುರುಳಿ ಹಿಡಿದು ಇಳಿದರೆ ಹುಳು ಬೆಳೆದ ದಾರಿಯೇ ಕೈಗೆ ತಾಗುತ್ತದೆ. ಅದು ಬೆಳೆದಂತೆಲ್ಲ ಬಾಯಿಯ ಅಂಚಿಗೆ ಹೊಸ ಸುಣ್ಣ ಕಟ್ಟುತ್ತಾ ಹೋಗುತ್ತದೆ. ಆ ಅಂಚು ಹೊರಕ್ಕೆ ಚಾಚಿದಲ್ಲೆಲ್ಲ ಒಂದೊಂದು ಮುಳ್ಳು. ಹಳೇ ಸುತ್ತಿನ ಮುಳ್ಳುಗಳು ಸವೆದು ಮೊಂಡಾಗಿವೆ, ಬಾಯಿಯ ಹತ್ತಿರದವು ಇನ್ನೂ ಚುಚ್ಚುತ್ತವೆ. ಬೋರಲು ಹಾಕಿದರೆ ನಡುವೆ ಆಳವಾದ ಕುಳಿ. ಬಾಯಿಯೊಳಗೆ ಮುತ್ತಿನ ಹೊಳಪು. ಹೊರಗಿನ ಬೂದು ಬಣ್ಣ ನೋಡಿದವರು ಇದನ್ನು ಊಹಿಸಲಾರರು.

ಈ ಮನೆತನದ ಹುಳುಗಳಿಗೆಲ್ಲ ಬಾಗಿಲೂ ಉಂಟು. ಹುಳು ಒಳಗೆ ಸರಿದಾಗ ಗಟ್ಟಿಯಾದ ಸುಣ್ಣದ ಮುಚ್ಚಳ ಬಾಯಿಗೆ ಬಂದು ಕೂರುತ್ತದೆ. ಹುಳು ಸತ್ತರೆ ಮುಚ್ಚಳ ಬಿದ್ದುಹೋಗುತ್ತದೆ. ನನ್ನ ಚಿಪ್ಪಿನ ಜೊತೆ ಅದಿಲ್ಲ, ಆ ಬೇಜಾರು ಇದ್ದೇ ಇದೆ.

ಕ್ಯಾಪ್ಟನ್ ಕುಕ್‌ನ ಹಡಗುಗಳಲ್ಲಿ ಈ ಕಡೆಯ ಚಿಪ್ಪುಗಳು ಇಂಗ್ಲೆಂಡ್ ತಲುಪಿದವು. 1784ರಲ್ಲಿ ಅಲ್ಲಿಯ ಚಿಪ್ಪು ತಜ್ಞ ಥಾಮಸ್ ಮಾರ್ಟಿನ್ ಇದಕ್ಕೆ ಹೀಲಿಯೊಟ್ರೋಪಿಯಮ್ ಅಂತ ಹೆಸರಿಟ್ಟ. ಆಸ್ಟ್ರೇಯಾ ಎಂಬ ಕುಲ, ಅಂದರೆ ಹತ್ತಿರದ ಜಾತಿಗಳ ಗುಂಪು, ಮಾಡಿದ್ದು ಜರ್ಮನಿಯ ರೋಡಿಂಗ್, 1798ರಲ್ಲಿ. ಆಮೇಲೆ ಮುಳ್ಳಿದ್ದ, ನಕ್ಷತ್ರದಂತೆ ಕಂಡ ಎಷ್ಟೋ ಹುಳುಗಳನ್ನು ಇದೇ ಕುಲಕ್ಕೆ ಸೇರಿಸಿದರು. ಈಗ ಅವುಗಳಲ್ಲಿ ಹೆಚ್ಚಿನವು ಆಸ್ಟ್ರೇಲಿಯಮ್, ಬೋಲ್ಮಾ, ಲಿಥೋಪೋಮಾ ಅಂತ ಬೇರೆ ಬೇರೆ ಕುಲಗಳಿಗೆ ಹೋಗಿವೆ. ಮಾರುವವರು ಮಾತ್ರ ಹಳೇ ಚೀಟಿಯನ್ನೇ ಅಂಟಿಸಿಟ್ಟಿರುತ್ತಾರೆ. ಹಾಗಾಗಿ ಕೊಳ್ಳುವ ಮುಂಚೆ ಬೋರಲು ಹಾಕಿ ನಡುವೆ ಆ ಕುಳಿ ಇದೆಯಾ ನೋಡಿ. ಎಲ್ಲಿಯದು ಅಂತಲೂ ಕೇಳಿ.

ಇನ್ನೊಂದು ವಿಷಯ. ಚಿಪ್ಪಿನ ಮೇಲೆ ಗುಲಾಬಿ ಬಣ್ಣದ ಪಾಚಿಯ ಗಟ್ಟಿ ಪದರ, ಬೇರೆ ಕಡಲ ಹುಳುಗಳು ಕಟ್ಟಿದ ಬಿಳಿ ಕೊಳವೆ ಇದ್ದರೆ ದಯವಿಟ್ಟು ಕೆರೆಯಬೇಡಿ. ಅದು ಕಡಲಿನಲ್ಲಿ ಬದುಕಿದ್ದರ ಗುರುತು ಅಲ್ವಾ? ಆಸಿಡ್ಡಂತೂ ಬೇಡವೇ ಬೇಡ, ಪಾಚಿಯ ಜೊತೆ ಚಿಪ್ಪಿನ ಸುಣ್ಣವನ್ನೂ ತಿನ್ನುತ್ತದೆ. ಸಿಹಿನೀರು, ಹಳೇ ಟೂತ್‌ಬ್ರಷ್ ಸಾಕು. ತೊಳೆದು ನೆರಳಲ್ಲಿ ಒಣಗಿಸಿ.