ಚೀನಾದ ಇಂಗ್ಲಿಷ್ ಪ್ರಶ್ನೆಪತ್ರಿಕೆ ಓದನ್ನು ಅಳೆಯುವ ಬಗೆ

ಚೀನಾದ ಕಾಲೇಜು ಪ್ರವೇಶ ಪರೀಕ್ಷೆಯಾದ ಗಾವೊಕಾವೊದ ಇಂಗ್ಲಿಷ್ ಪತ್ರಿಕೆ ಅಲ್ಲಿನ ಬಹುತೇಕ ಪ್ರಾಂತ್ಯಗಳಲ್ಲಿ ಪ್ರತಿ ವರ್ಷ ಜೂನ್ 8ರ ಮಧ್ಯಾಹ್ನ 3ರಿಂದ 5 ಗಂಟೆಯವರೆಗೆ ನಡೆಯುತ್ತದೆ. ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ನಿಂತುಹೋಗಿದ್ದ ಈ ಪರೀಕ್ಷೆ 1977ರ ಡಿಸೆಂಬರಿನಲ್ಲಿ ಮತ್ತೆ ಆರಂಭವಾಯಿತು. 2024ರಲ್ಲಿ ಅದಕ್ಕೆ ಹೆಸರು ನೋಂದಾಯಿಸಿದವರು 1 ಕೋಟಿ 34 ಲಕ್ಷ ಮಂದಿ. ಒಟ್ಟು 750 ಅಂಕಗಳಲ್ಲಿ ವಿದೇಶಿ ಭಾಷೆಗೆ 150 ಅಂಕಗಳಿವೆ. ಇಂಗ್ಲಿಷ್ ಬೇಡವೆನ್ನುವವರು ರಷ್ಯನ್, ಜಪಾನಿ, ಫ್ರೆಂಚ್, ಜರ್ಮನ್ ಅಥವಾ ಸ್ಪ್ಯಾನಿಷ್ ಭಾಷೆಯಲ್ಲಿ ಬರೆಯಬಹುದು; ಈಚೆಗೆ ಇಂಗ್ಲಿಷಿನಲ್ಲಿ ಹಿಂದುಳಿದ ಅನೇಕರು ಜಪಾನಿ ಭಾಷೆಯತ್ತ ವಾಲುತ್ತಿದ್ದಾರೆ. ಆದರೂ ಬಹುಪಾಲು ವಿದ್ಯಾರ್ಥಿಗಳ ಪಾಲಿಗೆ ವಿದೇಶಿ ಭಾಷೆಯೆಂದರೆ ಇಂಗ್ಲಿಷೇ, ಮತ್ತು ಆ ಇಂಗ್ಲಿಷಿನ ಮಧ್ಯಭಾಗದಲ್ಲಿ ಕುಳಿತಿರುವುದು ಓದು.

ಪಿಯು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುವ ನನಗೆ ಈ ಪತ್ರಿಕೆಗಳನ್ನು ಬಿಡಿಸಿ ನೋಡುವ ಹವ್ಯಾಸ ಅಂಟಿಕೊಂಡು ಕೆಲಕಾಲವಾಯಿತು. ಪರೀಕ್ಷೆ ಮುಗಿದ ಸ್ವಲ್ಪ ಹೊತ್ತಿಗೆಲ್ಲ ಅಂತರ್ಜಾಲದಲ್ಲಿ ಅವು ಸಿಗುತ್ತವೆ. ಈಗ ಚಾಲ್ತಿಯಲ್ಲಿರುವ ಹೊಸ ಮಾದರಿಯ ರಾಷ್ಟ್ರೀಯ ಪತ್ರಿಕೆಯಲ್ಲಿ ಆಲಿಸುವಿಕೆಗೆ 30, ಓದಿಗೆ 50, ಭಾಷಾ ಬಳಕೆಗೆ 30, ಬರವಣಿಗೆಗೆ 40 ಅಂಕಗಳಿವೆ. ಓದಿನ ವಿಭಾಗದಲ್ಲಿ ಎ, ಬಿ, ಸಿ, ಡಿ ಎಂಬ ನಾಲ್ಕು ಗದ್ಯಭಾಗಗಳಿದ್ದು, ಅವುಗಳ ಮೇಲೆ ನಾಲ್ಕು ಆಯ್ಕೆಗಳ 15 ಪ್ರಶ್ನೆಗಳು ಬರುತ್ತವೆ; ಅದಾದ ಮೇಲೆ ಐದು ವಾಕ್ಯಗಳನ್ನು ಕಿತ್ತು ಖಾಲಿ ಬಿಟ್ಟ ಇನ್ನೊಂದು ಗದ್ಯಭಾಗವಿರುತ್ತದೆ. ಪ್ರತಿ ಪ್ರಶ್ನೆಗೆ ಎರಡೂವರೆ ಅಂಕ. ಎ ಭಾಗ ಸಾಮಾನ್ಯವಾಗಿ ಪ್ರವಾಸದ ಮಾಹಿತಿ, ವಸ್ತುಸಂಗ್ರಹಾಲಯದ ಸಮಯಪಟ್ಟಿ, ಸ್ಪರ್ಧೆಯ ನಿಯಮ ಇಂಥವುಗಳಿಂದ ಕೂಡಿದ್ದು ಉಸಿರಾಡಲು ಅವಕಾಶ ಕೊಡುತ್ತದೆ. ಬಿ ಹೆಚ್ಚಾಗಿ ಯಾರದೋ ಅನುಭವದ ಕಥನ. ಸಿ ಮತ್ತು ಡಿ ಭಾಗಗಳಿಗೆ ಬರುವಷ್ಟರಲ್ಲಿ ವಿಜ್ಞಾನ ಸಂಶೋಧನೆಯೊಂದರ ವರದಿಯೋ ಸಮಾಜದ ಯಾವುದೋ ಪ್ರವೃತ್ತಿಯ ಚರ್ಚೆಯೋ ಎದುರಾಗಿ ವಾಕ್ಯಗಳು ಉದ್ದವಾಗುತ್ತ ಹೋಗುತ್ತವೆ. ಮೂಲ ಬರಹಗಳನ್ನು ಇಂಗ್ಲಿಷ್ ಪತ್ರಿಕೆ ಹಾಗೂ ಜಾಲತಾಣಗಳಿಂದ ಆರಿಸಿ, ಕತ್ತರಿಸಿ, ತಿದ್ದಿ ಹಾಕುತ್ತಾರೆ. ಎಲ್ಲಕ್ಕೂ ಸೇರಿ 35-40 ನಿಮಿಷ ಮೀರಬಾರದೆಂಬುದು ಅಲ್ಲಿನ ಶಿಕ್ಷಕರು ಸಾಮಾನ್ಯವಾಗಿ ಹೇಳುವ ಲೆಕ್ಕ.

ಇಲ್ಲಿ ನನಗೆ ಮೊದಲು ಕಂಡ ಸಂಗತಿಯೆಂದರೆ, ಪಠ್ಯಪುಸ್ತಕದ ಒಂದು ಪಾಠವೂ ಪತ್ರಿಕೆಯಲ್ಲಿ ಇಲ್ಲದಿರುವುದು. ನಮ್ಮ ದ್ವಿತೀಯ ಪಿಯುಸಿ ಇಂಗ್ಲಿಷ್ ಪತ್ರಿಕೆಯಲ್ಲಿ ಬಹುಪಾಲು ಅಂಕಗಳು ನಿಗದಿತ ಗದ್ಯ ಪದ್ಯಗಳ ಮೇಲಿದ್ದು, ಕಾಣದ ಗದ್ಯಭಾಗಕ್ಕೆ ಸ್ವಲ್ಪವೇ ಜಾಗವಿದೆ. ಆದ್ದರಿಂದ ಪಾಠವನ್ನು ಒಮ್ಮೆಯೂ ಓದದೆ ನೋಟ್ಸಿನ ಉತ್ತರಗಳನ್ನು ಬಾಯಿಪಾಠ ಮಾಡಿ ಒಳ್ಳೆಯ ಅಂಕ ತೆಗೆದ ಮಕ್ಕಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಚೀನಾದ ವಿದ್ಯಾರ್ಥಿಗೆ ಆ ದಾರಿ ಇಲ್ಲ. ಪರೀಕ್ಷಾ ಕೊಠಡಿಯಲ್ಲಿ ಅವನ ಮುಂದಿರುವ ಪ್ರತಿಯೊಂದು ಸಾಲೂ ಹೊಸದು. ಹಾಗೆಂದ ಮಾತ್ರಕ್ಕೆ ಅವನು ಅಲ್ಲಿ ಮಾಡುವ ಕೆಲಸವೆಲ್ಲ ಓದೇ ಎಂದು ಒಪ್ಪಿಬಿಡಲು ನನ್ನಿಂದ ಆಗುತ್ತಿಲ್ಲ.

ಪ್ರಶ್ನೆ ಕಟ್ಟುವ ಕ್ರಮವನ್ನು ಹತ್ತಿರದಿಂದ ತೋರಿಸಲು ನಾನೇ ಒಂದು ಮಾದರಿ ಕಟ್ಟುತ್ತೇನೆ. ಒಂದು ಊರಿನ ಗ್ರಂಥಾಲಯ ಪುಸ್ತಕಗಳ ಜೊತೆಗೆ ಸೈಕಲ್ಲುಗಳನ್ನೂ ಎರವಲು ಕೊಡಲು ಶುರುಮಾಡಿತು ಎಂದುಕೊಳ್ಳಿ. ಇಡಲು ಜಾಗವಿಲ್ಲವೆಂದು ಸಿಬ್ಬಂದಿ ಗೊಣಗಿದರು; ಆದರೆ ಚಳಿಗಾಲ ಮುಗಿಯುವ ಹೊತ್ತಿಗೆ, ಸೈಕಲ್ಲಿಗೆಂದು ಬಂದವರು ಕೈಯಲ್ಲಿ ಪುಸ್ತಕವನ್ನೂ ಹಿಡಿದು ಹೋಗುವುದನ್ನು ಕಂಡು ಅವರು ಸುಮ್ಮನಾದರು. ಸಿಬ್ಬಂದಿಯ ಮನಸ್ಸು ಬದಲಾದದ್ದೇಕೆ ಎಂಬುದು ಪ್ರಶ್ನೆ. ಮೊದಲ ಆಯ್ಕೆ, ಸೈಕಲ್ ಇಡಲು ಜಾಗ ಸಿಕ್ಕಿತು ಎಂಬುದು: ಗದ್ಯದಲ್ಲಿದ್ದ ಪದವನ್ನೇ ಎತ್ತಿಕೊಂಡು ಸುಳ್ಳು ಸಂಗತಿ ಹೇಳುತ್ತದೆ. ಎರಡನೆಯದು, ಸೈಕಲ್ ತುಳಿಯುವುದು ಆರೋಗ್ಯಕ್ಕೆ ಒಳ್ಳೆಯದು ಎಂಬುದು: ಲೋಕದಲ್ಲಿ ನಿಜ, ಗದ್ಯದಲ್ಲಿಲ್ಲ. ಮೂರನೆಯದು, ಊರಿನ ಎಲ್ಲ ಓದುಗರೂ ಅದನ್ನೇ ಕೇಳಿದರು ಎಂಬುದು: ಹೇಳಿದ್ದಕ್ಕಿಂತ ಹೆಚ್ಚನ್ನು ಹೇಳುತ್ತದೆ. ನಾಲ್ಕನೆಯದು, ಹೊಸ ಬಳಕೆದಾರರು ಗ್ರಂಥಾಲಯದ ಇತರ ಸೌಲಭ್ಯಗಳನ್ನೂ ಬಳಸತೊಡಗಿದರು ಎಂಬುದು. ಸರಿಯುತ್ತರ ಇದೇ, ಆದರೆ ಅದರಲ್ಲಿ ಪುಸ್ತಕ ಎಂಬ ಪದವೇ ಇಲ್ಲ. ಮೂಲದ ಮಾತನ್ನು ಬೇರೆ ಮಾತಿನಲ್ಲಿ ಹೇಳಿ ಸರಿಯುತ್ತರವನ್ನು ಮರೆಮಾಡುವುದು, ಮೂಲದ ಪದಗಳನ್ನೇ ತಪ್ಪು ಉತ್ತರಗಳಿಗೆ ತೊಡಿಸುವುದು, ಇದೇ ಆ ಪತ್ರಿಕೆ ತಯಾರಿಸುವವರ ಕೈಚಳಕ.

ಈ ಕೈಚಳಕ ಶಿಕ್ಷಕರಿಗೂ ಗೊತ್ತಿರುವುದೇ ತೊಡಕಿನ ಮೂಲ. ಚೀನಾದ ತರಗತಿಗಳಲ್ಲಿ ಓದಿನ ಪ್ರಶ್ನೆಗಳನ್ನು ವಿವರ ಹುಡುಕುವವು, ಊಹಿಸಿ ತೀರ್ಮಾನಿಸುವವು, ಮುಖ್ಯಾಂಶ ಕೇಳುವವು, ಪದದ ಅರ್ಥ ಊಹಿಸುವವು ಎಂದು ವಿಂಗಡಿಸಿ, ಒಂದೊಂದಕ್ಕೂ ಒಂದೊಂದು ಪಟ್ಟು ಕಲಿಸುತ್ತಾರೆ. ಗದ್ಯಕ್ಕಿಂತ ಮೊದಲು ಪ್ರಶ್ನೆ ಓದು. ಪ್ರಶ್ನೆಯಲ್ಲಿನ ಹೆಸರನ್ನೋ ಇಸವಿಯನ್ನೋ ಗದ್ಯದಲ್ಲಿ ಹುಡುಕು. ಅದರ ಹಿಂದಿನ ಮುಂದಿನ ವಾಕ್ಯ ನೋಡು. 'ಓನ್ಲಿ', 'ಆಲ್ವೇಸ್' ಎಂಬ ಪದವಿರುವ ಆಯ್ಕೆಯನ್ನು ಮೊದಲೇ ಅನುಮಾನಿಸು. ಗದ್ಯದ ಪದಗಳನ್ನೇ ಹೊತ್ತು ನಿಂತ ಆಯ್ಕೆಯನ್ನು ನಂಬಬೇಡ. ಈ ಪಾಠ ತಲೆಗೆ ಹತ್ತಿದ ಜಾಣ ಹುಡುಗಿಯೊಬ್ಬಳು ನನ್ನ ಗ್ರಂಥಾಲಯದ ಕಥೆಯನ್ನು ಪೂರ್ತಿ ಓದದೆಯೇ ಎರಡೂವರೆ ಅಂಕ ಗಿಟ್ಟಿಸಿಕೊಂಡು ಹೋಗಬಲ್ಲಳು. ಅವಳನ್ನು ದೂರುವಂತಿಲ್ಲ. 2024ರಲ್ಲಿ ಹೆನಾನ್ ಪ್ರಾಂತ್ಯವೊಂದರಲ್ಲೇ 13 ಲಕ್ಷಕ್ಕೂ ಹೆಚ್ಚು ಮಂದಿ ನೋಂದಾಯಿಸಿದ್ದರು. ಅಂಥ ಕಡೆ ನಡುಮಟ್ಟದ ಒಂದೊಂದು ಅಂಕದ ಮೇಲೆ ಸಾವಿರಾರು ವಿದ್ಯಾರ್ಥಿಗಳು ಒಟ್ಟಾಗಿ ನಿಂತಿರುವಾಗ, ಎರಡೂವರೆ ಅಂಕ ಸಣ್ಣ ಸಂಗತಿಯಲ್ಲ.

ವಿಪರ್ಯಾಸವೆಂದರೆ, ಈ ಪರೀಕ್ಷೆಯ ರೂಪ ಬದಲಾಯಿಸಿದವರ ಉದ್ದೇಶ ಇದಕ್ಕೆ ತದ್ವಿರುದ್ಧವಾಗಿತ್ತು. ವ್ಯಾಕರಣದ ನಿಯಮ ಮತ್ತು ಅನುವಾದಗಳ ಸುತ್ತ ಸುತ್ತುತ್ತಿದ್ದ ಇಂಗ್ಲಿಷ್ ಪಾಠವನ್ನು ಭಾಷೆಯ ಬಳಕೆಯತ್ತ ತಿರುಗಿಸಬೇಕೆಂದು ಗ್ವಾಂಗ್‌ಝೌನ ಭಾಷಾ ವಿದ್ವಾಂಸರಾದ ಗ್ವೇಯ್ ಶಿಚುನ್, ಲಿ ಶಿಯಾವೊಜು ಮುಂತಾದವರು ಪ್ರಮಾಣೀಕೃತ ಪರೀಕ್ಷೆಯ ಕೆಲಸಕ್ಕೆ ಕೈಹಾಕಿದರು. 1985ರಲ್ಲಿ ಗ್ವಾಂಗ್‌ಡಾಂಗ್ ಪ್ರಾಂತ್ಯದಲ್ಲಿ ಅದರ ಪ್ರಯೋಗ ನಡೆಯಿತು. ಪರೀಕ್ಷೆಯನ್ನು ಬದಲಾಯಿಸಿದರೆ ಪಾಠವೂ ಬದಲಾಗುತ್ತದೆ ಎಂಬುದು ಅವರ ನಂಬಿಕೆ. ಎರಡು ದಶಕಗಳ ಬಳಿಕ ಚಿ ಲುಶಿಯಾ ಎಂಬ ಸಂಶೋಧಕಿ ಈ ನಂಬಿಕೆಯನ್ನೇ ಪರಿಶೀಲನೆಗೆ ಒಡ್ಡಿ, 2005ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಪ್ರಶ್ನೆ ತಯಾರಿಸುವವರ ಗುರಿಯೂ ಅಂಕ ಬೇಕಾದ ಶಿಕ್ಷಕ ಮತ್ತು ವಿದ್ಯಾರ್ಥಿಗಳ ಗುರಿಯೂ ಬೇರೆ ಬೇರೆಯಾದ್ದರಿಂದ ಆ ಬದಲಾವಣೆ ಬಯಸಿದಂತೆ ಆಗಲಿಲ್ಲವೆಂದು ತೋರಿಸಿದರು. ಕಾಲೇಜಿಗೆ ವಿದ್ಯಾರ್ಥಿಗಳನ್ನು ಆರಿಸುವ ಭಾರವನ್ನು ಇಷ್ಟೊಂದು ಹೊರಿಸಿದ ಯಾವ ಪರೀಕ್ಷೆಗೂ ಈ ಗತಿ ತಪ್ಪುವುದಿಲ್ಲವೆಂದೇ ನನ್ನ ಅನಿಸಿಕೆ.

ಪದಸಂಪತ್ತಿನ ವಿಷಯ ಬೇರೆಯೇ ಇದೆ. ಮೊದಲು ಪರೀಕ್ಷೆಗೆ ಸುಮಾರು 3500 ಪದಗಳ ಪಟ್ಟಿಯಿತ್ತು. 2017ರ ಆವೃತ್ತಿಯ ಪಠ್ಯಕ್ರಮ ಅದನ್ನು ಸುಮಾರು 3000ಕ್ಕೆ ಇಳಿಸಿತು. ಪಟ್ಟಿಯ ಹೊರಗಿನ ಪದ ಗದ್ಯದಲ್ಲಿ ಬಂದರೆ ಪಕ್ಕದ ಕಂಸದಲ್ಲಿ ಚೀನಿ ಅರ್ಥ ಕೊಡುವ ವಾಡಿಕೆಯಿದೆ. ಅರ್ಥ ಊಹಿಸಬೇಕಾದ ಪದವನ್ನು ಮಾತ್ರ ಅಡಿಗೆರೆ ಎಳೆದು ಹಾಗೆಯೇ ಬಿಡುತ್ತಾರೆ. ಸಂಶೋಧಕರಾದ ಹು ಮತ್ತು ಪಾಲ್ ನೇಶನ್ 2000ದಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಯಾರ ನೆರವೂ ಇಲ್ಲದೆ ಒಂದು ಕಥನವನ್ನು ಚೆನ್ನಾಗಿ ಗ್ರಹಿಸಲು ಹೆಚ್ಚಿನ ಓದುಗರಿಗೆ ಅದರ ಪದಗಳಲ್ಲಿ ಶೇಕಡ 98ರಷ್ಟು ಗೊತ್ತಿರಬೇಕಾಗುತ್ತದೆ. 300 ಪದಗಳ ಗದ್ಯಭಾಗದಲ್ಲಿ ಆರು ಪದ ಗೊತ್ತಿಲ್ಲದಿದ್ದರೆ ನಡೆದೀತು, ಹದಿನೈದು ಗೊತ್ತಿಲ್ಲದಿದ್ದರೆ ಕಷ್ಟ ಎಂದಾಯಿತು. ಆದ್ದರಿಂದ ಡಿ ಭಾಗದಲ್ಲಿ ಎಡವಿದ ವಿದ್ಯಾರ್ಥಿ ವಾದದ ಎಳೆ ಹಿಡಿಯಲಾರದೆ ಎಡವಿದನೋ, ಪದ ಗೊತ್ತಿಲ್ಲದೆ ಎಡವಿದನೋ ಎಂಬುದನ್ನು ಅವನ ಅಂಕ ನಮಗೆ ಹೇಳುವುದಿಲ್ಲ. ವಿದೇಶಿ ಭಾಷೆಯ ಓದಿನ ತೊಂದರೆ ಓದಿನದೋ ಭಾಷೆಯದೋ ಎಂದು ಬ್ರಿಟನ್ನಿನ ಭಾಷಾಪರೀಕ್ಷಾ ತಜ್ಞ ಚಾರ್ಲ್ಸ್ ಆಲ್ಡರ್‌ಸನ್ 1984ರಲ್ಲೇ ಕೇಳಿದ್ದರು. ಚೀನಾದ ಮಟ್ಟಿಗೆ ಈ ಪ್ರಶ್ನೆ ವಿಶೇಷವಾಗಿ ಚುಚ್ಚುತ್ತದೆ, ಏಕೆಂದರೆ ಅದೇ ವಿದ್ಯಾರ್ಥಿ ಹಿಂದಿನ ದಿನ ತನ್ನ ಭಾಷೆಯಲ್ಲಿ 150 ಅಂಕಗಳ ಪತ್ರಿಕೆ ಬರೆದು, ಆಧುನಿಕ ಗದ್ಯವನ್ನೂ ಪ್ರಾಚೀನ ಗದ್ಯವನ್ನೂ ಕಾವ್ಯವನ್ನೂ ಓದಿ ಉತ್ತರಿಸಿ ಬಂದಿರುತ್ತಾನೆ. ಅವನಿಗೆ ಓದಲು ಬರುವುದಿಲ್ಲವೆನ್ನಲು ಸಾಧ್ಯವೇ?

ಇಡೀ ವಿಭಾಗದಲ್ಲಿ ನನಗೆ ನಿಜವಾಗಿ ಮೆಚ್ಚುಗೆಯಾದದ್ದು ಕೊನೆಯ ಐದು ಪ್ರಶ್ನೆಗಳು. ಅಲ್ಲಿನವರು ಅದನ್ನು 'ಏಳರಲ್ಲಿ ಐದು' ಎಂದು ಕರೆಯುತ್ತಾರೆ: ಗದ್ಯದಲ್ಲಿ ಐದು ಖಾಲಿ ಜಾಗ, ಕೆಳಗೆ ಏಳು ವಾಕ್ಯ, ಎರಡು ಯಾವುದಕ್ಕೂ ಸೇರದವು. ಉದಾಹರಣೆಗೆ, ಹೊಸ ಶಾಲೆಗೆ ಸೇರಿದ ಹುಡುಗನೊಬ್ಬನನ್ನು ಮೊದಲ ವಾರ ಯಾರೂ ಮಾತಾಡಿಸಲಿಲ್ಲ ಎಂಬ ವಾಕ್ಯವಾದ ಮೇಲೆ ಒಂದು ಖಾಲಿ ಜಾಗ, ಅದಾದ ಮೇಲೆ 'ಆ ಮೂವರೇ ಈಗಲೂ ಅವನ ಆಪ್ತ ಗೆಳೆಯರು' ಎಂಬ ವಾಕ್ಯ ಇದೆ ಎನ್ನಿ. ಯಾವ ಮೂವರು? ಮೂವರನ್ನು ಪರಿಚಯಿಸುವ ಸಾಲು ನಡುವೆ ಬರಲೇಬೇಕು, ಮತ್ತು ಹಿಂದಿನ ಮೌನಕ್ಕೆ ಅದು ತಿರುವಾಗಬೇಕು. ಇಲ್ಲಿ ಹೆಸರು, ಇಸವಿಗಳನ್ನು ಹುಡುಕಿದರೆ ಸಾಲದು; ಸರ್ವನಾಮ ಯಾರನ್ನು ಸೂಚಿಸುತ್ತದೆ, 'ಆದರೂ' ಎಂಬುದು ಯಾವ ಮಾತಿಗೆ ಎದುರು ನಿಂತಿದೆ, ಪ್ಯಾರಾದ ಮೊದಲ ವಾಕ್ಯ ಕೆಳಗಿನದ್ದನ್ನೆಲ್ಲ ಹೊರುವಷ್ಟು ಅಗಲವಾಗಿದೆಯೇ ಎಂಬುದನ್ನೆಲ್ಲ ಗಮನಿಸಬೇಕು. ಇದಕ್ಕೂ ಪಟ್ಟುಗಳಿವೆ, ಇಲ್ಲವೆನ್ನಲಾರೆ. ಆದರೆ ಆ ಪಟ್ಟುಗಳೆಲ್ಲ ಓದುಗನು ಹೇಗೂ ಮಾಡಬೇಕಾದ ಕೆಲಸಗಳೇ. ಅಳತೆಯ ಶಾಸ್ತ್ರದ ದೃಷ್ಟಿಯಿಂದ ಒಂದು ಕೊರತೆಯಿದೆ: ಒಂದು ವಾಕ್ಯವನ್ನು ತಪ್ಪು ಜಾಗದಲ್ಲಿ ಕೂರಿಸಿದರೆ ಅದರ ಸರಿಯಾದ ಜಾಗವೂ ಕೆಟ್ಟು, ಒಂದೇ ತಪ್ಪಿಗೆ ಐದು ಅಂಕ ಹೋಗುವ ಅಪಾಯ.

ಓದನ್ನು ಬರವಣಿಗೆಯ ಮೂಲಕ ಅಳೆಯುವ ಇನ್ನೊಂದು ಪ್ರಯತ್ನವೂ ಇದೆ, ಅದು ಬರವಣಿಗೆಯ ವಿಭಾಗದಲ್ಲಿದೆ. ಸುಮಾರು 350 ಪದಗಳ ಕಥೆಯೊಂದನ್ನು ಅರ್ಧಕ್ಕೆ ನಿಲ್ಲಿಸಿ, ಮುಂದಿನ ಎರಡು ಪ್ಯಾರಾಗಳ ಮೊದಲ ವಾಕ್ಯ ಮಾತ್ರ ಕೊಟ್ಟು, ಉಳಿದದ್ದನ್ನು 150 ಪದಗಳಷ್ಟು ಮುಂದುವರಿಸಲು ಹೇಳುತ್ತಾರೆ, 25 ಅಂಕ. 2016ರ ಅಕ್ಟೋಬರಿನಲ್ಲಿ ಝೇಜಿಯಾಂಗ್ ಪ್ರಾಂತ್ಯದ ಪತ್ರಿಕೆಯಲ್ಲಿ ಇದು ಮೊದಲು ಕಾಣಿಸಿಕೊಂಡಿತು. ಕಥೆಯ ಪಾತ್ರಗಳ ಸ್ವಭಾವವನ್ನೂ ಅಲ್ಲಿ ಬಿಟ್ಟ ಸುಳಿವುಗಳನ್ನೂ ಗ್ರಹಿಸದವನು ಸರಿಯಾಗಿ ಮುಂದುವರಿಸಲಾರ ಎಂಬ ತರ್ಕ ನನಗೂ ಒಪ್ಪಿಗೆ. ಆದರೆ ಕೋಚಿಂಗ್ ಪುಸ್ತಕಗಳು ಅಲ್ಲಿಗೂ ಬಂದವು: ಕಣ್ಣಲ್ಲಿ ನೀರು ತುಂಬಿ ಬಂದುದನ್ನು, ಎದೆ ಡವಡವ ಬಡಿದುಕೊಂಡುದನ್ನು, ಬಿಸಿಲು ಎಲೆಗಳ ನಡುವೆ ಇಣುಕಿದುದನ್ನು ಹೇಳುವ ಸಿದ್ಧ ಇಂಗ್ಲಿಷ್ ವಾಕ್ಯಗಳ ಪಟ್ಟಿಯನ್ನು ಮಕ್ಕಳು ಉರುಹೊಡೆಯುತ್ತಾರೆ. ನಾಯಿ ಕಳೆದುಹೋದ ಕಥೆಯಿರಲಿ, ಓಟದ ಪಂದ್ಯದ ಕಥೆಯಿರಲಿ, ಎಲ್ಲರ ಎದೆಯೂ ಒಂದೇ ವಾಕ್ಯದಲ್ಲಿ ಬಡಿದುಕೊಳ್ಳುತ್ತದೆ.

ಅಳತೆಗೋಲನ್ನು ಮಧ್ಯದಲ್ಲಿ ಮುಟ್ಟಿದರೆ ಏನಾಗುತ್ತದೆಂಬುದೂ ಝೇಜಿಯಾಂಗಿನಲ್ಲೇ ಗೊತ್ತಾಯಿತು. ಅಲ್ಲಿ ಇಂಗ್ಲಿಷ್ ಪರೀಕ್ಷೆಯನ್ನು ಎರಡು ಸಲ ಬರೆಯುವ ಅವಕಾಶವಿದೆ. 2018ರ ನವೆಂಬರಿನ ಪತ್ರಿಕೆ ಹಿಂದಿನ ವರ್ಷದ್ದಕ್ಕಿಂತ ಕಷ್ಟವಾಯಿತೆಂದು, ಬೇರೆ ಬೇರೆ ವರ್ಷಗಳ ಅಂಕಗಳು ಹೋಲಿಕೆಗೆ ಬರಲಿ ಎಂಬ ಕಾರಣ ಕೊಟ್ಟು, ಓದು ಮತ್ತು ಬರವಣಿಗೆಯ ಕೆಲವು ಪ್ರಶ್ನೆಗಳ ಅಂಕವನ್ನು ತೂಕ ಸೇರಿಸಿ ಏರಿಸಲಾಯಿತು. ಪಾಲಕರು ಸಿಡಿದೆದ್ದರು. ಪ್ರಾಂತ್ಯದ ಸರ್ಕಾರ ತನಿಖೆ ನಡೆಸಿ, ಆ ನಿರ್ಧಾರ ತಪ್ಪೆಂದು ಡಿಸೆಂಬರ್ 5ರಂದು ಘೋಷಿಸಿ, ಮೂಲ ಅಂಕಗಳನ್ನೇ ಉಳಿಸಿತು. ಎರಡು ಪತ್ರಿಕೆಗಳ ಕಷ್ಟವನ್ನು ಸರಿದೂಗಿಸುವುದು ಪರೀಕ್ಷಾಶಾಸ್ತ್ರದಲ್ಲಿ ಮಾನ್ಯವಾದ ಕೆಲಸವೇ. ಆದರೆ ಅದರ ಸೂತ್ರವನ್ನು ಪರೀಕ್ಷೆಗೆ ಮೊದಲೇ ತಿಳಿಸಿ ಒಪ್ಪಿಸಬೇಕಲ್ಲದೆ, ಉತ್ತರಪತ್ರಿಕೆಗಳು ಕೈಸೇರಿದ ಮೇಲೆ ಹೇಳುವಂತಿಲ್ಲ.

ಓದನ್ನು ಸ್ವಂತ ಮಾತಿನ ಉತ್ತರಗಳಿಂದ ಅಳೆಯಬಾರದೇಕೆ ಎಂದು ಕೇಳುವವರಿಗೆ ಈ ಘಟನೆಯಲ್ಲೇ ಅರ್ಧ ಉತ್ತರವಿದೆ. ಗನ್ಸು ಪ್ರಾಂತ್ಯದ ಹಳ್ಳಿಯ ರೈತನಿಗೆ ತನ್ನ ಮಗಳ ಉತ್ತರವನ್ನೂ ನಗರದ ಅಧಿಕಾರಿಯ ಮಗನ ಉತ್ತರವನ್ನೂ ಒಂದೇ ಕಣ್ಣು ನೋಡುತ್ತದೆ ಎಂಬ ಭರವಸೆ ಬೇಕು. 2ಬಿ ಪೆನ್ಸಿಲಿನಲ್ಲಿ ತುಂಬಿದ ಚೌಕವನ್ನು ಓದುವ ಯಂತ್ರ ಆ ಭರವಸೆ ಕೊಡುತ್ತದೆ, ಮನುಷ್ಯರು ಅಷ್ಟು ಸುಲಭವಾಗಿ ಕೊಡಲಾರರು. ಬರವಣಿಗೆಯ ಉತ್ತರಗಳನ್ನು ಇಬ್ಬರು ಮೌಲ್ಯಮಾಪಕರು ಪ್ರತ್ಯೇಕವಾಗಿ ನೋಡಿ, ಅಂತರ ಹೆಚ್ಚಾದರೆ ಮೂರನೆಯವರಿಗೆ ಕಳಿಸುವ ವ್ಯವಸ್ಥೆ ಅಲ್ಲಿದೆ. ಅದನ್ನು ಓದಿನ ವಿಭಾಗದ ಒಂದೆರಡು ಪ್ರಶ್ನೆಗಳಿಗಾದರೂ ವಿಸ್ತರಿಸಬಹುದಿತ್ತು ಎಂಬ ಆಸೆ ನನಗಿದೆ. ಕೋಟಿಗೂ ಮೀರಿದ ಉತ್ತರಪತ್ರಿಕೆಗಳನ್ನು ಎಣಿಸಿದಾಗ ಆ ಆಸೆ ತುಸು ಕುಗ್ಗುತ್ತದೆ.

'ಏಳರಲ್ಲಿ ಐದು' ಮಾತ್ರ ನನ್ನ ತರಗತಿಗೂ ಬಂದಿದೆ. ಕನ್ನಡ ದಿನಪತ್ರಿಕೆಯ ಸಂಪಾದಕೀಯದಿಂದ ಒಂದು, ಇಂಗ್ಲಿಷ್ ಪತ್ರಿಕೆಯಿಂದ ಅಷ್ಟೇ ಉದ್ದದ ಇನ್ನೊಂದು, ಹೀಗೆ ಎರಡು ಹಾಳೆಗಳನ್ನು ಒಂದೇ ವಾರದಲ್ಲಿ ಕೊಡುತ್ತೇನೆ. ಕನ್ನಡದ ವಾಕ್ಯಗಳನ್ನು ಸರಾಗವಾಗಿ ಕೂರಿಸಿದವರಲ್ಲಿ ಹೆಚ್ಚಿನವರು ಇಂಗ್ಲಿಷಿನಲ್ಲಿ ತಡವರಿಸುತ್ತಾರೆ. ಅವರಿಗೆ ಪದ ಮತ್ತು ವಾಕ್ಯರಚನೆಯ ಅಭ್ಯಾಸ ಕೊಡುತ್ತಿದ್ದೇನೆ. ಕೆಲವರು ಕನ್ನಡದಲ್ಲೂ 'ಆದರೆ' ಎಂಬ ಪದವನ್ನು ದಾಟಿ ಹೋಗಿಬಿಡುತ್ತಾರೆ. ಇಂಗ್ಲಿಷ್ ಪದಪಟ್ಟಿ ಕೊಟ್ಟು ಅವರಿಗೆ ಉಪಯೋಗವಿಲ್ಲವಾದ್ದರಿಂದ, ಕನ್ನಡ ಮೇಷ್ಟ್ರು ಮತ್ತು ನಾನು ಸೇರಿ ಅವರನ್ನು ಮೊದಲು ಕನ್ನಡದ ಗದ್ಯದಲ್ಲೇ ಕೂರಿಸುತ್ತಿದ್ದೇವೆ.